ಪಕ್ಕದ ಪೆಡಲ್

ಅಪ್ಪನ ಕಾರಿನಲ್ಲಿ ಬ್ರೇಕು ಎರಡು. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವ ಅಪ್ಪನ ಕಾಲಿಗೆ. ಊರಿನ ಅರ್ಧ ಜನ ಡ್ರೈವಿಂಗ್ ಕಲಿತದ್ದು ಅದರಲ್ಲೇ. ಉಳಿದರ್ಧ ಜನ ಅದು ಬರುವುದನ್ನು ಕಂಡರೆ ಸಾಕು, ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಅಷ್ಟೆಲ್ಲ ಜನಕ್ಕೆ ಕಲಿಸಿದ ಮಹಾನುಭಾವ ಸ್ವಂತ ಹೆಂಡತಿಗೆ ಕಲಿಸಲು ಹೊರಟದ್ದು ಮಾತ್ರ ತನ್ನ ಡ್ರೈವಿಂಗ್ ಸ್ಕೂಲಿಗೆ ಬೀಗ ಹಾಕಿದ ಮೇಲೆ. ಅದೂ ಅಮ್ಮ ಮುಖ ಊದಿಸಿಕೊಂಡು ವಾರವಿಡೀ ಮಾತು ಬಿಟ್ಟ ಮೇಲೆ.

ಅಮ್ಮನಿಗೆ ಬೇಕಾಗಿದ್ದು ಏನು ಮಹಾ? ಪಕ್ಕದ ಊರಿನಲ್ಲಿ ಅವಳ ತಂಗಿ ಸೊಂಟ ಮುರಿದುಕೊಂಡು ಮಲಗಿದ್ದಳು. ಮನಸ್ಸು ಬಂದಾಗ ಕಾರು ತೆಗೆದು, ಒಬ್ಬಳೇ ಹೋಗಿ, ಹೊಟ್ಟೆ ತುಂಬಾ ಹರಟಿ ಬರಬೇಕು, ಅಷ್ಟೇ. ಅಪ್ಪನ ಜೊತೆ ಹೋದರೆ ಅಕ್ಕತಂಗಿಯರು ಬಾಯಿ ತೆರೆಯುವ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದ.

ಅಮ್ಮ ಚೆನ್ನಾಗಿಯೇ ಕಲಿತಳು. ಲೈಸೆನ್ಸ್ ಪರೀಕ್ಷೆಗೆ ಕಳಿಸಿ ಎಂದರೆ ಮಾತ್ರ ಅಪ್ಪ ಜಪ್ಪಯ್ಯ ಎಂದರೂ ಒಪ್ಪಲೊಲ್ಲ.

"ಪರೀಕ್ಷೆನಾ? ಇವತ್ತು ನನ್ನ ಕಾಲು ಇಲ್ಲದಿದ್ರೆ ನೀನು ಹಾಲಿನ ವ್ಯಾನಿಗೆ ಗುದ್ದಿರ್ತಿದ್ದೆ" ಅನ್ನುತ್ತಿದ್ದ. ನಿನ್ನೆ ಕಂಬ, ಮೊನ್ನೆ ಪೋಸ್ಟ್‌ಮ್ಯಾನು. ಅಪ್ಪನ ಕಾಲು ಉಳಿಸಿದ ಜೀವಗಳಿಗೆ ಲೆಕ್ಕವೇ ಇರಲಿಲ್ಲ. ಇಬ್ಬರೂ ಒಟ್ಟಿಗೇ ಬ್ರೇಕ್ ಒತ್ತುತ್ತಿದ್ದರಿಂದ ಕಾರು ನಿಂತದ್ದು ಯಾರ ಕಾಲಿನಿಂದ ಎಂದು ಹೇಳುವವರಾದರೂ ಯಾರು?

ಮಗಳು ಇದನ್ನೆಲ್ಲ ನೋಡಿ ಹಲ್ಲು ಕಡಿಯುತ್ತಿದ್ದಳು. ಪ್ರಯೋಗಾಲಯದಲ್ಲಿ ದುಡಿದು ಡಾಕ್ಟರೇಟ್ ಪಡೆದವಳು. ನೆಗಡಿಗೂ ಔಷಧಿ ಕೊಡಲಾರದ ಡಾಕ್ಟರು ಎಂದು ಅಪ್ಪ ಅವಳನ್ನು ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದ.

ಡಾಕ್ಟ್ರಮ್ಮನ ಕೆಲಸ ಬಾಗಿಲು ಕಾಯುವುದು. ಜೀವಕೋಶದ ಹೊದಿಕೆಯಲ್ಲಿ ಕಣ್ಣಿಗೆ ಕಾಣದ ಬಾಗಿಲುಗಳಿವೆ. ಹೊದಿಕೆಯ ವೋಲ್ಟೇಜ್ ಬದಲಾದರೆ ಅವು ತೆರೆಯುತ್ತವೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಹೃದಯ ಬಡಿಯುವುದಕ್ಕೂ ಒಂದು ನರ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದಕ್ಕೂ ಅದು ಬೇಕು. ಬಾಗಿಲಿನ ಬೆನ್ನಿಗೆ ಒಳಗಡೆಯಿಂದ ಬೀಟಾ ಎಂಬ ಸಹಾಯಕ ಅಂಟಿಕೊಂಡಿರುತ್ತಾನೆ. ಅವನು ತಾನಾಗಿ ಒಂದು ಕಣವನ್ನೂ ಒಳಗೆ ಬಿಡಲಾರ. ಆದರೆ ಬಾಗಿಲನ್ನು ಹೊದಿಕೆಯ ತನಕ ಸಾಗಿಸಲು ನೆರವಾಗುವವನು ಅವನು, ಕಡಿಮೆ ವೋಲ್ಟೇಜಿಗೇ ಅದು ತೆರೆಯುವಂತೆ ಪುಸಲಾಯಿಸುವವನೂ ಅವನೇ. ಬೀಟಾಗಳಲ್ಲೂ ಬಗೆಗಳುಂಟು. ಒಬ್ಬ ತೆರೆದ ಬಾಗಿಲನ್ನು ಬೇಗ ಮುಚ್ಚಿಸಿಬಿಡುತ್ತಾನೆ, ಇನ್ನೊಬ್ಬ ಹೊತ್ತು ಹೋದರೂ ಮುಚ್ಚಗೊಡುವುದಿಲ್ಲ.

ಇದೆಲ್ಲ ಸಹಾಯಕನದೇ ಕೈವಾಡ ಎಂದು ಸಾಬೀತು ಮಾಡುವುದು ಹೇಗೆ? ಅದಕ್ಕೂ ಉಪಾಯವಿತ್ತು. ಮಗಳು ಬೀಟಾನ ಹಿಡಿತವನ್ನಷ್ಟೇ ಕೆಡಿಸಿದಳು. ರೂಪ ಅದೇ, ಗಾತ್ರ ಅದೇ, ಬಾಗಿಲಿಗೆ ಅಂಟಿಕೊಳ್ಳಲು ಮಾತ್ರ ಬಾರದು. ಕೂದಲಿಗಿಂತ ಸಣ್ಣ ಮೂತಿಯ ಗಾಜಿನ ಸೂಜಿಯನ್ನು ಕೋಶಕ್ಕೆ ತಾಗಿಸಿ, ಉಸಿರು ಬಿಗಿಹಿಡಿದು ವೋಲ್ಟೇಜ್ ಕೊಟ್ಟಳು. ಕ್ಯಾಲ್ಸಿಯಂ ಒಳಗೆ ನುಗ್ಗಿದಷ್ಟೂ ಪರದೆಯ ಮೇಲಿನ ಗೆರೆ ಕೆಳಗಿಳಿಯಬೇಕು. ಎಂದಿನ ಬೀಟಾ ಇದ್ದಾಗ ಅದು ಬಾವಿಗೆ ಬಿದ್ದಂತೆ ಇಳಿಯುತ್ತಿತ್ತು. ಈಗ ಒಂದಿಷ್ಟು ತಗ್ಗಿದ ಶಾಸ್ತ್ರ ಮಾಡಿ ಸುಮ್ಮನಾಯಿತು.

ಆ ಖುಷಿಯಲ್ಲಿ ಊಟದ ಮೇಜಿನ ಮುಂದೆ ಬಾಯಿ ಬಿಟ್ಟದ್ದೇ ತಪ್ಪಾಯಿತು. ಅಪ್ಪ ತುತ್ತು ಕೆಳಗಿಟ್ಟು ಅಮ್ಮನ ಕಡೆ ತಿರುಗಿದ.

"ಕೇಳಿಸ್ಕೊಂಡ್ಯಾ? ಪಕ್ಕದಲ್ಲಿ ಒಬ್ಬ ಇಲ್ಲದಿದ್ರೆ ಏನೂ ನಡೆಯಲ್ಲ ಅಂತ ನಿನ್ನ ಮಗಳ ವಿಜ್ಞಾನಾನೇ ಹೇಳ್ತಿದೆ."

ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮಗಳಿಗೆ ಪಿತ್ತ ನೆತ್ತಿಗೇರಿತು. ತನ್ನನ್ನು ಆಡಿಕೊಂಡರೂ ನಕ್ಕುಬಿಡುವ ಅಮ್ಮ ಹೀಗೆ ಎದ್ದು ಹೋಗುವವಳಲ್ಲ. ಕೈ ತೊಳೆಯುತ್ತಿದ್ದಂತೆ ಮಗಳಿಗೆ ಹೊಳೆಯಿತು: ಹೇಳಿದವನು ಹೇಳಿಕೊಳ್ಳಲಿ, ಪರೀಕ್ಷಿಸಿ ನೋಡಿದವರು ಯಾರು?

ಮಾರನೆಯ ದಿನ ಅವಳು ಎದುರು ರಸ್ತೆಯ ಗ್ಯಾರೇಜಿಗೆ ಹೋದಳು. ಅಲ್ಲಿನ ಮೆಕ್ಯಾನಿಕ್ ಒಂದು ಕಾಲದಲ್ಲಿ ಅಪ್ಪನ ಹತ್ತಿರವೇ ಕಾರು ಕಲಿತು, ಬೈಗುಳ ತಿಂದು ದೊಡ್ಡವನಾದವನು. ವಿಷಯ ಕೇಳಿ ಅವನ ಮುಖ ಹೂವಿನಂತೆ ಅರಳಿತು.

"ಪಕ್ಕದ ಪೆಡಲಿನ ಕೊಂಡಿ ಬಿಚ್ಚಿಬಿಡ್ತೀನಿ. ಒಂದು ಸ್ಪ್ರಿಂಗ್ ಹಾಕಿದ್ರೆ ಕಾಲಿಗೆ ಎಂದಿನ ಹಾಗೇ ಇರುತ್ತೆ. ಆದ್ರೆ ಅಮ್ಮನಿಗೆ ಹೇಳಿಯೇ ಮಾಡೋದು, ಹ್ಞಾಂ. ಅವರ ಕಾಲಿನ ಬ್ರೇಕು ಸರಿಯಾಗೇ ಇರುತ್ತೆ, ಅದನ್ನ ಮುಟ್ಟಲ್ಲ."

ಅಮ್ಮನಿಗೆ ಹೇಳುವಾಗ ಮಗಳಿಗೆ ಅಳುಕಿತ್ತು. ಪ್ರಯೋಗಾಲಯದಲ್ಲಿ ಹಿಡಿತ ಕೆಡಿಸಿದ ಮೇಲೆ ಬಾಗಿಲ ಗತಿ ಏನಾಯಿತೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ನಾನೇನು ನಿನ್ನ ಡಬ್ಬಿಯೊಳಗಿನ ಬಾಗಿಲಾ?" ಎಂದಳು ಅಮ್ಮ. "ಬಿಚ್ಚಿಸು. ಆಮೇಲೆ ನಿಂತಿದ್ದೆಲ್ಲ ನಾನೇ ನಿಲ್ಲಿಸಿದ್ದು."

ಅವತ್ತು ಸಂಜೆ ಮಗಳು ಹಿಂದಿನ ಸೀಟಿನಲ್ಲಿ ಕೂತಳು. ತಿರುವಿನಲ್ಲಿ ಬೆಕ್ಕೊಂದು ಅಡ್ಡ ಹಾರಿತು. ಎರಡು ಕಾಲುಗಳು ಒಟ್ಟಿಗೆ ಒತ್ತಿದವು, ಕಾರು ನಿಂತಿತು, ಬೆಕ್ಕು ಗೋಡೆ ಹತ್ತಿತು.

"ಕಂಡ್ಯಾ! ನಾನಿದ್ದೆ ಅಂತ ಬದುಕ್ತು" ಎಂದ ಅಪ್ಪ.

ಕನ್ನಡಿಯಲ್ಲಿ ಅಮ್ಮನ ಕಣ್ಣು ಮಗಳ ಕಣ್ಣಿಗೆ ಸಿಕ್ಕಿತು. ಮಗಳು ನಗು ತಡೆಯಲಾರದೆ ಕರವಸ್ತ್ರ ಬಾಯಿಗೆ ತುರುಕಿಕೊಂಡಳು. ಆಮೇಲಿನ ದಿನಗಳಲ್ಲಿ ಅಪ್ಪ ಒಂದು ಸೈಕಲ್ಲು, ಒಬ್ಬ ತರಕಾರಿಯವನು ಮತ್ತು ಬ್ಯಾಂಕಿನ ಇಡೀ ಗೇಟನ್ನು ಕಾಪಾಡಿದ. ಕೊಂಡಿ ಕಳಚಿದ ಪಾಪದ ಪೆಡಲು ಬರಿದೇ ತುಳಿಸಿಕೊಳ್ಳುತ್ತಿತ್ತು.

ಸಾಕಷ್ಟು ಪುರಾವೆ ಕೂಡಿತು ಅನ್ನಿಸಿದ ದಿನ ಮಗಳು ಬಿಚ್ಚಿದ ಕೊಂಡಿಯನ್ನು ತಂದು ಅಪ್ಪನ ತಟ್ಟೆಯ ಪಕ್ಕ ಇಟ್ಟಳು. ಇನ್ನೇನು ಮನೆ ಹಾರಿಹೋಗುತ್ತದೆ ಎಂದು ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಳು.

ಅಪ್ಪ ಕೊಂಡಿಯನ್ನು ತಿರುಗಿಸಿ ನೋಡಿದ. "ಮೊದಲ ದಿನಾನೇ ಗೊತ್ತಾಯ್ತು" ಎಂದ.

"ಏನು?"

"ಬೆಕ್ಕು ಬಂತಲ್ಲ, ಅವತ್ತು. ಪೆಡಲ್ ಒತ್ತಿದ್ರೆ ಕಾರು ಕಾಲಿಗೆ ಉತ್ತರ ಕೊಡುತ್ತೆ ಕಣೇ. ಅವತ್ತು ಕೊಡಲಿಲ್ಲ. ಆ ಗ್ಯಾರೇಜಿನವನು ಸ್ಪ್ರಿಂಗ್ ಹಾಕಿ ನನಗೇ ಟೋಪಿ ಹಾಕ್ತಾನಂತೆ."

"ಮತ್ತೆ ಯಾಕಪ್ಪ ಸುಮ್ನಿದ್ದೆ? ದಿನಾ ಒತ್ತಿ ಒತ್ತಿ ಜಂಬ ಬೇರೆ ಕೊಚ್ಚಿಕೊಂಡೆ!"

ಅಪ್ಪ ನೀರಿನ ಲೋಟವನ್ನು ಆ ಕಡೆಯಿಂದ ಈ ಕಡೆಗಿಟ್ಟ. "ನಿಮ್ಮಮ್ಮ ಪಾಸಾದ್ರೆ ಒಬ್ಬಳೇ ಹೋಗ್ತಾಳೆ. ಸ್ಕೂಲಿಗೆ ಬೀಗ ಬಿದ್ದಾಯ್ತು. ಆಮೇಲೆ ಈ ಕಾಲನ್ನ ಎಲ್ಲಿಡ್ಲಿ?"

ಮಗಳಿಗೆ ಗೆದ್ದ ಉತ್ಸಾಹವೆಲ್ಲ ಜರ್ರನೆ ಇಳಿಯಿತು. ಸಹಾಯಕನಿಲ್ಲದೆ ಬಾಗಿಲು ಏನಾಗುತ್ತದೆಂದು ಅವಳು ಎಷ್ಟೋ ಸಲ ಅಳೆದಿದ್ದಳು. ಬಾಗಿಲಿಲ್ಲದ ಸಹಾಯಕ ಏನಾಗುತ್ತಾನೆಂದು ಒಮ್ಮೆಯೂ ಅಳೆದವಳಲ್ಲ. ಹಿಡಿಯಲು ಏನೂ ಸಿಗದೆ ಕೋಶದೊಳಗೆ ಅಲ್ಲಿ ಇಲ್ಲಿ ತೇಲಿಕೊಂಡಿರುತ್ತಾನೆ ಎಂದು ಓದಿದ್ದಳು, ಓದಿ ಪುಟ ತಿರುಗಿಸಿದ್ದಳು. ಅಪ್ಪನನ್ನು ನೋಡಿ ಅವಳಿಗೆ ಪಾಪ ಅನ್ನಿಸಿತು, ತನ್ನ ಕುಚೇಷ್ಟೆಗೆ ನಾಚಿಕೆಯೂ ಆಯಿತು.

ಅಮ್ಮ ಅಷ್ಟು ಸುಲಭಕ್ಕೆ ಕರಗುವ ಪೈಕಿಯಲ್ಲ. ಬಂದು ಅಪ್ಪನ ಎದುರಿಗೇ ಕೂತಳು.

"ಶನಿವಾರ ಪೇಟೆಗೆ ಹೋಗುವಾಗ ಹಿಂದಿನ ಸೀಟು ಖಾಲಿ ಇರುತ್ತೆ, ಅಲ್ಲಿಡಿ ಕಾಲು. ನನ್ನ ತಂಗಿ ಮನೆಗೆ ಮಾತ್ರ ನಾನೊಬ್ಬಳೇ. ಪರೀಕ್ಷೆ ಯಾವತ್ತು?"

"ಕೇಳ್ಕೊಂಡು ಬರ್ತೀನಿ" ಎಂದ ಅಪ್ಪ. ಅವನ ದನಿ ಅಷ್ಟು ಮೆತ್ತಗಿದ್ದದ್ದನ್ನು ಮಗಳು ಎಂದೂ ಕೇಳಿರಲಿಲ್ಲ.

ಅಮ್ಮ ಮೊದಲ ಸಲಕ್ಕೇ ಪಾಸಾದಳು. ಚಿಕ್ಕಮ್ಮನ ಮನೆಗೆ ಬೆಳಗ್ಗೆ ಹೋದವಳು ಕತ್ತಲಾಗುವಾಗ ಗಂಟಲು ಕಟ್ಟಿಸಿಕೊಂಡು ಬಂದಳು. ಶನಿವಾರ ಅಪ್ಪ ಹಿಂದಿನ ಸೀಟಿನಲ್ಲಿ ಕೈಕಟ್ಟಿ, ತುಟಿ ಬಿಗಿದು ಕೂತ. ಅವನ ಹಳೆಯ ಜಾಗದಲ್ಲಿ ಮಗಳು ಕೂತಳು. ಕೊಂಡಿಯಿಲ್ಲದ ಪೆಡಲು ಅಲ್ಲೇ ಇತ್ತು, ತೆಗೆಸಲು ಯಾರಿಗೂ ಮನಸ್ಸು ಬಂದಿರಲಿಲ್ಲ.

ಪೇಟೆಯ ತಿರುವಿನಲ್ಲಿ ಲಾರಿಯೊಂದು ದಿಢೀರನೆ ಎದುರಾಯಿತು. ಅಮ್ಮ ಮಾತಿನ ಮಧ್ಯದಲ್ಲೇ ಕಾರನ್ನು ನಯವಾಗಿ ನಿಲ್ಲಿಸಿ, ಲಾರಿ ದಾಟಿದ ಮೇಲೆ ಆ ಮಾತನ್ನೇ ಮುಂದುವರಿಸಿದಳು.

ಮಗಳು ಬಗ್ಗಿ ನೋಡಿಕೊಂಡಳು. ಅವಳ ಬಲಗಾಲು ಪಕ್ಕದ ಪೆಡಲನ್ನು ನೆಲ ಮುಟ್ಟುವಂತೆ ಒತ್ತಿ ಹಿಡಿದಿತ್ತು.

ಹಿಂದಿನಿಂದ ಅಪ್ಪ ಕತ್ತು ಚಾಚಿದ. "ನೀನಿದ್ದೆ ಅಂತ ಬದುಕಿದ್ವಿ, ಡಾಕ್ಟ್ರಮ್ಮ."