ಕೂಸಪ್ಪನ ಗ್ಲಾಸು

ಸುಟ್ಟು ಬೂದಿಯಾಗುವವರೆಗೆ ಒಂದು ತೊಟ್ಟು ಬಾಯಿಗೆ ಸೋಕಿಸುವುದಿಲ್ಲ ಎಂದು ಕೂಸಪ್ಪ ಮಾತು ಕೊಟ್ಟದ್ದು ಮದುವೆಗೆ ಮುಂಚೆ, ಪ್ರೇಮಾವತಿಯ ತವರಿನ ಬಾವಿಕಟ್ಟೆಯ ಹತ್ತಿರ. ರಜೆಯಲ್ಲಿ ಹೆಣ್ಣು ನೋಡಲು ಬಂದ ಮಿಲಿಟರಿ ಹುಡುಗ ಅವನು. ಅವಳ ಅಪ್ಪ ಆ ಹೊತ್ತಿಗೆ ಒಳಗೆ ಕುಡಿದು ಮಗುಚಿ ಬಿದ್ದಿದ್ದರು. ಮಿಲಿಟರಿಯವರೆಲ್ಲ ಕುಡಿಯುತ್ತಾರಂತೆ, ನನಗೆ ಇಂಥದ್ದೇ ಇನ್ನೊಂದು ಬೇಡ ಎಂದು ಅವಳು ಮುಖಕ್ಕೆ ಮುಖ ಕೊಟ್ಟೇ ಹೇಳಿದ್ದಳು. ಅವನು ನಗಲಿಲ್ಲ. ಮೇಲಧಿಕಾರಿಯ ಮುಂದೆ ನಿಂತವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಆ ಮಾತು ಹೇಳಿದ್ದ.

ಈಗ ಅದೇ ಬೆನ್ನು ಚಾವಡಿಯ ನೆಲದ ಮೇಲೆ, ಬಾಳೆಎಲೆಯಲ್ಲಿ. ನಿವೃತ್ತ ಸೈನಿಕರ ಸಂಘದವರು ಹೂವಿನ ಚಕ್ರ ಇಟ್ಟು ಸೆಲ್ಯೂಟ್ ಹೊಡೆದು ಹೋಗಿಯಾಗಿತ್ತು. ಮನೆಯವರು ಒಬ್ಬೊಬ್ಬರಾಗಿ ಬಂದು ತುಳಸಿ ಎಲೆಯಲ್ಲಿ ಅವನ ಬಾಯಿಗೆ ನೀರು ಬಿಡುತ್ತಿದ್ದರು. ಉಗ್ಗಪ್ಪನ ಸರದಿ ಬಂದಾಗ ಅವನು ನೀರಿನ ಗಿಂಡಿ ಮುಟ್ಟಲಿಲ್ಲ.

"ಬರೀ ನೀರು ಹಾಕಿ ಕಳಿಸುವುದಾ ಅಣ್ಣನನ್ನು? ಅತ್ತಿಗೆ, ಆ ಕಪ್ಪು ಪೆಟ್ಟಿಗೆಯಲ್ಲಿ ಉಂಟಲ್ಲ. ಒಂದು ಮುಚ್ಚಳದಷ್ಟು ಸಾಕು."

ಉಗ್ಗಪ್ಪ ಕೂಸಪ್ಪನ ಚಿಕ್ಕಪ್ಪನ ಮಗ, ಆಚೆ ಹಿತ್ತಿಲಿನವನು. ಬೆಳಗಿನಿಂದ ಎಲ್ಲದಕ್ಕೂ ಅವನೇ ಮುಂದೆ. ಚಿತೆಗೆ ಮಾವಿನ ಮರ ಕಡಿಸಿದವನೂ ಅವನೇ, ಬಿದಿರು ತಂದವನೂ ಅವನೇ. ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ. ಪ್ರೇಮಾವತಿಗೆ ತಡೆಯಲಾಗದ್ದು ಅದೇ. ಅವನ ಅಳು ಸುಳ್ಳಾಗಿರಲಿಲ್ಲ.

ಅವನ ಹಿಂದೆ ನಿಂತವರು ಹೌದೆಂದು ತಲೆ ಆಡಿಸಿದರು. ಎಲ್ಲರೂ ಈ ಮನೆಯ ಹಿಂದಿನ ತಗಡಿನ ಮಾಡಿನ ಕೆಳಗೆ ತಿಂಗಳು ತಿಂಗಳು ಕೂತವರೇ. ಪೆನ್ಶನಿನವರಿಗೆ ಮಿಲಿಟರಿ ಕ್ಯಾಂಟೀನಿನಲ್ಲಿ ಸಿಗುವ ಕೋಟಾದ ರಮ್ಮಿನ ಬಾಟಲಿಗಳನ್ನು ಕೂಸಪ್ಪ ತಂದ ದಿನ ಇವರಿಗೆ ಹೇಳಿ ಕಳಿಸಬೇಕೆಂದೇ ಇರಲಿಲ್ಲ.

ಪ್ರೇಮಾವತಿ ಎದ್ದು ಒಳಗೆ ಹೋದಳು. ಪೆಟ್ಟಿಗೆಯ ಚಿಲಕದ ಸದ್ದು ಕೇಳಿ, ಅತ್ತಿಗೆ ಒಪ್ಪಿದರು ಎಂದು ಯಾರೋ ಪಿಸುಗುಟ್ಟಿದರು. ಅವಳು ಎರಡು ಬಾಟಲಿಗಳನ್ನು ಕತ್ತು ಹಿಡಿದು ತಂದಳು. ಹೆಣದ ಹತ್ತಿರ ನಿಲ್ಲದೆ, ಗಂಡಸರ ನಡುವೆ ಹಾದು ಅಂಗಳಕ್ಕಿಳಿದಳು. ಬಾಳೆಯ ಬುಡದಲ್ಲಿ ಮುಚ್ಚಳ ತಿರುವಿ ಎರಡನ್ನೂ ಕವುಚಿ ಹಿಡಿದಳು. ಗಳಗಳ ಎಂದು ಪೂರ್ತಿ ಇಳಿಯುವವರೆಗೂ ಕೈ ಅಲುಗಿಸಲಿಲ್ಲ. ಆಗ ಆ ಗಂಡಸರ ಗಂಟಲಿನಿಂದ ಒಂದು ನರಳಿಕೆ ಹೊರಟಿತು. ಹಿಂದಿನ ದಿನ ಕೂಸಪ್ಪನ ಮುಖಕ್ಕೆ ಬಟ್ಟೆ ಎಳೆದಾಗ ಅಂಥ ಸ್ವರ ಯಾರಿಂದಲೂ ಬಂದಿರಲಿಲ್ಲ.

"ಎಂತ ಮಾಡಿದಿ ಪ್ರೇಮ?" ಎಂದಳು ಕೂಸಪ್ಪನ ಅಕ್ಕ ಮನೋರಮಾ. "ಹೋದವನ ಆಸೆ ಅಲ್ವಾ ಅದು?"

"ಯಾರ ಆಸೆ ಅಕ್ಕ?" ಎಂದಳು ಪ್ರೇಮಾವತಿ.

*

ಪೆನ್ಶನಾಗಿ ಬಂದ ಹೊಸತರಲ್ಲಿ ಕೂಸಪ್ಪ ಬೆಳಕು ಹರಿಯುವ ಮುಂಚೆ ಎದ್ದು, ಶೂಸಿಗೆ ಪಾಲಿಶು ಹಾಕಿ, ಹೋಗಲು ಎಲ್ಲಿಯೂ ಇಲ್ಲದೆ ಅಂಗಳದಲ್ಲಿ ನಿಂತಿರುತ್ತಿದ್ದ. ಬಟ್ಟೆ ಮಡಚಿದ್ದು ಸರಿಯಿಲ್ಲ, ಡಬ್ಬಿಗಳು ಸಾಲಾಗಿಲ್ಲ ಎಂದು ಅಡುಗೆಮನೆಗೆ ನುಗ್ಗುತ್ತಿದ್ದ. ಅಷ್ಟು ವರ್ಷ ಒಬ್ಬಳೇ ಸಂಸಾರ ಎಳೆದವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಹತ್ತಿರದ ಅನಂತಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ. ಧಣಿಯ ಅಳಿಯ ಕಾರಿನೊಳಗಿಂದ "ಓಯ್, ಗೇಟು" ಎಂದ ದಿನ ಬೀಗದ ಕೈಯನ್ನು ಅದೇ ಗೇಟಿಗೆ ಸಿಕ್ಕಿಸಿ ನಡೆದುಕೊಂಡು ಮನೆಗೆ ಬಂದ.

ಸಂಜೆ ಅಂಗಡಿಯ ಬೆಂಚಿನ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಅಲ್ಲಿ ನಡೆಯುತ್ತಿದ್ದದ್ದು ಯಾರ ಮಗಳನ್ನು ಎಲ್ಲಿಗೆ ಕೊಟ್ಟಾಯಿತು, ಯಾವ ಜಾಗ ಯಾರಿಗೆ ಪಾಲಾಯಿತು ಎನ್ನುವ ಸುದ್ದಿ. ಅವನಿಗೆ ಗೊತ್ತಿದ್ದದ್ದು ಪಠಾಣ್‌ಕೋಟಿನ ಚಳಿ. ಮಿಲಿಟ್ರಿ ಬಂದ್ರು ಎನ್ನುತ್ತಿದ್ದರು, ಮರ್ಯಾದೆಯಿಂದಲೇ. ಆದರೆ ಬೆಂಚಿನಲ್ಲಿ ಒಬ್ಬನೂ ಸರಿಯುತ್ತಿರಲಿಲ್ಲ.

ಕ್ಯಾಂಟೀನಿನದ್ದು ಎಂತದೂ ಸಿಗುವುದಿಲ್ವಾ ಅಣ್ಣ ಎಂದು ಉಗ್ಗಪ್ಪ ಕೇಳಿದ್ದು ಆ ದಿನಗಳಲ್ಲೇ. ಆ ತಿಂಗಳೇ ಬಾಟಲಿ ಮನೆಗೆ ಬಂತು. ಪ್ರೇಮಾವತಿ ಕತ್ತಿ ಹಿಡಿದುಕೊಂಡೇ ಹಿಂದಿನ ಬಾಗಿಲಿಗೆ ಅಡ್ಡ ನಿಂತಳು.

"ನಿಮಗೆ ನಾಚಿಕೆ ಇಲ್ವಾ? ನನ್ನ ಅಪ್ಪನಂಥವರನ್ನು ಊರಿಡೀ ತಯಾರು ಮಾಡ್ಲಿಕ್ಕೆ ಹೊರಟಿದ್ದೀರಾ?"

"ನಾನು ಕುಡಿಯುವುದಿಲ್ಲ ಪ್ರೇಮ. ಹಿಮದಲ್ಲಿ ಕೊಟ್ಟದ್ದನ್ನೂ ಪಕ್ಕದವನ ಗ್ಲಾಸಿಗೆ ಬಗ್ಗಿಸಿದವ ನಾನು."

"ಮತ್ತೆ ಇದು ಯಾಕೆ?"

"ಇದು ಇದ್ದರೆ ಸರಿದು ಜಾಗ ಕೊಡ್ತಾರೆ. ಇಲ್ಲದಿದ್ದರೆ ನಾನು ಈ ಊರಲ್ಲಿ ನಿಂತೇ ಇರಬೇಕು."

ಕುಡಿಯದವನೊಬ್ಬ ನಡುವೆ ಕೂತರೆ ಕುಡಿಯುವವರಿಗೆ ಮುಜುಗರ. ಅದಕ್ಕೂ ಅವನೇ ದಾರಿ ಹುಡುಕಿದ. ತನ್ನ ಗ್ಲಾಸಿಗೆ ಕಣ್ಣಚಾ, ಹಾಲು ಹಾಕದ ಚಹಾ, ಆರಿಸಿದ್ದು. ನೋಡಿದರೆ ರಮ್ಮಿನದೇ ಬಣ್ಣ. ಅದನ್ನು ಬೈಯುತ್ತ ಬೈಯುತ್ತ ಕುದಿಸಿ, ಸೋಸಿ, ಹಿಂದಿನ ಬಾಗಿಲಲ್ಲಿ ಇಡುತ್ತಿದ್ದವಳು ಪ್ರೇಮಾವತಿ. ಅವನು ಹೀರಿ ಮುಖ ಸಿಂಡರಿಸಿ, ಉಪ್ಪಿನಕಾಯಿ ನೆಕ್ಕಿ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಒಲೆಯ ಮುಂದೆ ಕೂತು ಆ ನಗು ಕೇಳುವಾಗ, ಎದ್ದು ಹೋಗಿ ಚಹಾದ ಪಾತ್ರೆಯನ್ನು ಎಲ್ಲರ ನಡುವೆ ಬಡಿಯಬೇಕು ಎಂದು ಅವಳಿಗೆ ಅನಿಸದ ದಿನವಿಲ್ಲ. ಒಮ್ಮೆಯೂ ಬಡಿಯಲಿಲ್ಲ.

*

ಖಾಲಿ ಬಾಟಲಿಗಳನ್ನು ಬಾಳೆಯ ಬುಡದಲ್ಲೇ ಎಸೆದು ಪ್ರೇಮಾವತಿ ಮೆಟ್ಟಿಲು ಹತ್ತಿದಳು.

"ಅವರು ಒಂದು ತೊಟ್ಟು ಕುಡಿದವರಲ್ಲ. ಅವರ ಗ್ಲಾಸಿನಲ್ಲಿ ಇದ್ದದ್ದು ನಾನು ಮಾಡಿಕೊಟ್ಟ ಕಣ್ಣಚಾ."

ಉಗ್ಗಪ್ಪ ಬಹಳ ಮೆತ್ತಗೆ, ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದ.

"ನಿಮ್ಮ ಸಂಕಟ ನಮಗೆ ಗೊತ್ತಾಗ್ತದೆ ಅತ್ತಿಗೆ. ಗಂಡ ಕುಡೀತಿದ್ರು ಅಂತ ಹತ್ತು ಜನರ ಎದುರು ಹೇಳ್ಲಿಕ್ಕೆ ಯಾವ ಹೆಂಗಸಿಗೂ ಮನಸ್ಸು ಬರುವುದಿಲ್ಲ. ಆದ್ರೆ ಒಟ್ಟಿಗೆ ಕೂತವರು ನಾವಲ್ವಾ? ಅಣ್ಣನಷ್ಟು ಗಟ್ಟಿಯಾಗಿ ಕುಡಿಯುವವರು ಈ ಊರಲ್ಲೇ ಇಲ್ಲ. ಎಷ್ಟು ಹಾಕಿದ್ರೂ ನಾಲಿಗೆ ತೊದಲಿದ್ದು ಉಂಟಾ?"

"ಅದು ಮಿಲಿಟ್ರಿಯ ತಾಕತ್ತು ಮಾರಾಯ" ಎಂದ ಹಿಂದಿನಿಂದ ಇನ್ನೊಬ್ಬ, ಕಣ್ಣೊರೆಸುತ್ತ.

ಪ್ರೇಮಾವತಿ ಮಗನ ಕಡೆ ನೋಡಿದಳು. ಸುಧೀರ್ ಆ ಬೆಳಿಗ್ಗೆಯಷ್ಟೇ ದುಬಾಯಿಯಿಂದ ಇಳಿದಿದ್ದ. ಅವನು ಚಿಕ್ಕವನಿರುವಾಗ ಅಪ್ಪ ಗಡಿಯಲ್ಲಿ. ಅಪ್ಪ ಮನೆ ಸೇರಿದ ವರ್ಷವೇ ಅವನು ವಿಮಾನ ಹತ್ತಿದ್ದ. ರಜೆಯಲ್ಲಿ ಬಂದಾಗೆಲ್ಲ ಅವನು ಕಂಡದ್ದು ಹಿಂದಿನ ಮಾಡಿನ ಕೆಳಗೆ, ಈ ಗುಂಪಿನ ನಡುವೆ, ಕೈಯಲ್ಲಿ ಗ್ಲಾಸು ಹಿಡಿದ ಅಪ್ಪನನ್ನು.

"ಅಮ್ಮ, ಜನ ನೋಡ್ತಿದ್ದಾರೆ" ಎಂದ ಅವನು ತಗ್ಗಿದ ಸ್ವರದಲ್ಲಿ. "ಅಪ್ಪ ಕುಡೀತಿದ್ದದ್ದು ನನಗೂ ಗೊತ್ತುಂಟು. ಅದಕ್ಕೆ ನನಗೆ ಅವರ ಮೇಲೆ ಕೋಪ ಇಲ್ಲ. ನೀನೂ ಬಿಡು."

ಅವಳ ಸಿಟ್ಟು ಆಗ ಮಗನನ್ನು ದಾಟಿ, ಉಗ್ಗಪ್ಪನನ್ನು ದಾಟಿ, ನೆಲದ ಮೇಲೆ ಗಲ್ಲ ಕಟ್ಟಿಸಿಕೊಂಡು ಮಲಗಿದವನ ಮೇಲೆ ಹೋಗಿ ನಿಂತಿತು. ಮಗನಿಗಾದರೂ ಹೇಳಬಾರದಿತ್ತಾ ಮಾರಾಯ್ರೇ. ಕೂರಲಿಕ್ಕೆ ಒಂದು ಜಾಗಕ್ಕಾಗಿ ಅವನಿಗೂ ಕುಡುಕನಾಗಿ ಕಂಡಿರಲ್ಲ.

ಅವಳು ಸುಧೀರನ ರಟ್ಟೆ ಹಿಡಿದಳು. "ನೀನು ನಂಬುವುದು ಬೇಡ. ಅವರ ಬಾಯಿಗೆ ಅದನ್ನು ಹಾಕ್ಲಿಕ್ಕಿಲ್ಲ. ಅಷ್ಟು ಹೇಳು."

"ಆಯ್ತಮ್ಮ. ಹಾಕುವುದಿಲ್ಲ."

*

ಚಿತೆ ಕೂಡಿಸಿದ್ದು ಹಿತ್ತಿಲಿನ ಕೆಳಗಿನ ಮೂಲೆಯಲ್ಲಿ. ಹೆಂಗಸರು ಅಲ್ಲಿಗೆ ಇಳಿಯುವ ಪದ್ಧತಿಯಿಲ್ಲ. ಪ್ರೇಮಾವತಿ ಹಿಂದಿನ ಬಾಗಿಲಿನ ಆಚೆ ಒಗೆಯುವ ಕಲ್ಲಿನ ಹತ್ತಿರ ನಿಂತಳು. ಅಲ್ಲಿಂದ ಎಲ್ಲ ಕಾಣುತ್ತಿತ್ತು.

ಹೆಣವಿದ್ದ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲವೆಂದು ಪಕ್ಕದ ಮನೆಯ ದಮಯಂತಿ ಒಂದು ಕೆಟಲ್ ತುಂಬ ಕಣ್ಣಚಾ ತಂದಿದ್ದಳು. ಬೆಳಗಿನಿಂದ ಹೊಟ್ಟೆಗೆ ಎಂತದೂ ಇಲ್ಲ, ಇಷ್ಟಾದರೂ ಕುಡಿಯಿರಿ ಎಂದು ಒಂದು ಗ್ಲಾಸು ಪ್ರೇಮಾವತಿಯ ಕೈಗೆ ಕೊಟ್ಟು, ಹೆಚ್ಚು ಮಾತಾಡದೆ ಒಳಗೆ ಹೋದಳು.

ಸುಧೀರ್ ಸುತ್ತು ಬಂದು ಬೆಂಕಿ ಇಟ್ಟ. ಮಾವಿನ ಹಸಿ ಕಟ್ಟಿಗೆ ಮೊದಲು ಹೊಗೆಯಾಡಿ, ಮತ್ತೆ ಹತ್ತಿಕೊಂಡಿತು. ಗಂಡಸರು ಕೈಕಟ್ಟಿ ನಿಂತರು. ಇನ್ನು ಮುಗಿಯಿತು ಎಂದು ಅವಳು ಉಸಿರು ಬಿಡುವಷ್ಟರಲ್ಲಿ ಉಗ್ಗಪ್ಪ ಸೊಂಟದಿಂದ ಪೇಪರು ಸುತ್ತಿದ ಒಂದು ಕಟ್ಟು ತೆಗೆದ. ಆ ಪೇಪರು ಸುತ್ತಿದ್ದನ್ನು ಅವಳು ನೋಡಿದ್ದಳು. ಓಣಂಗೆ ಇಟ್ಟುಕೋ ಎಂದು ಕೂಸಪ್ಪನೇ ಕಳೆದ ವಾರ ಒಂದು ಬಾಟಲಿ ಸುತ್ತಿ ಅವನಿಗೆ ಕೊಟ್ಟದ್ದು.

ಉಗ್ಗಪ್ಪ ಅದನ್ನು ಸುಧೀರನ ಕೈಗಿಟ್ಟು ಕಿವಿಯಲ್ಲಿ ಏನೋ ಹೇಳಿದ. ಸುಧೀರ್ ಮನೆಯ ಕಡೆ ಒಮ್ಮೆ ತಿರುಗಿ ನೋಡಿದ.

"ಬೇಡ ಮಗಾ" ಎಂದು ಪ್ರೇಮಾವತಿ ಕೂಗಿದಳು. ಕಟ್ಟಿಗೆ ಸಿಡಿಯುವ ಸದ್ದಿನಲ್ಲಿ ಅದು ಕೇಳಿಸಿತೋ ಇಲ್ಲವೋ. ಅವನು ಮುಚ್ಚಳ ತೆಗೆದ. ದೇವರಿಗೆ ಎಣ್ಣೆ ಹೊಯ್ಯುವವನ ಹಾಗೆ, ಎರಡೂ ಕೈಯಲ್ಲಿ ಹಿಡಿದು, ತಲೆಯ ಕಡೆ, ಬಾಯಿಯ ನೇರಕ್ಕೆ ಬಗ್ಗಿಸಿದ. ಅಲ್ಲಿ ಭಗ್ಗೆಂದು ನೀಲಿ ಉರಿಯೊಂದು ಎದ್ದು, ಒಂದು ಗಳಿಗೆ ನಿಂತು, ಉಳಿದ ಬೆಂಕಿಯೊಳಗೆ ಸೇರಿಹೋಯಿತು. ಅಣ್ಣನಿಗೆ ಸಿಕ್ಕಿತು ಎಂದು ಉಗ್ಗಪ್ಪ ಗಟ್ಟಿಯಾಗಿ ಅಳುವುದು ಕೇಳಿಸಿತು. ಉಳಿದವರು ಕೈ ಮುಗಿದರು.

ಪ್ರೇಮಾವತಿಯ ಕೈಯಲ್ಲಿ ಗ್ಲಾಸಿನ ಚಹಾ ಆರಿತ್ತು.

ಕೂಸಪ್ಪ ಸುಟ್ಟು ಬೂದಿಯಾಗುವ ಮುಂಚೆಯೇ ಅವನು ಕೊಟ್ಟ ಮಾತು ತಪ್ಪಿತು.