ಬೂದಿಯ ಮೇಲೆ ಮೊದಲ ಹೆಜ್ಜೆ

ಈಗ ನಾರಿನ್ ಪಟ್ಟಣದ ನಮ್ಮ ಬೀದಿಯಲ್ಲಿ ಮನೆಮನೆಗೂ ನಲ್ಲಿ ಬಂದಿದೆ. ಆದರೂ ಹಿಮ ಬಿತ್ತೆಂದರೆ ನನ್ನ ಕಣ್ಣು ಹೋಗುವುದು ಆ ಹಳೆಯ ಬೀದಿ ನಲ್ಲಿಯ ಕಡೆಗೇ. ಆ ಚಳಿ ನನಗೆ ಮತ್ತೆ ಬೇಡ, ಆ ಅತ್ತೆ ಮಾತ್ರ ಬೇಕು.

ಚೆಲ್ಲಿದ ನೀರೆಲ್ಲ ಹೆಪ್ಪುಗಟ್ಟಿ ನಲ್ಲಿಯ ಸುತ್ತ ಗಾಜಿನಂಥ ದಿಬ್ಬ ಎದ್ದಿರುತ್ತಿತ್ತು. ಅಲ್ಲೇ ಜಾರಿ ಬಿದ್ದು ನಾನು ಮೊದಲ ಬಸಿರು ಕಳೆದುಕೊಂಡದ್ದು.

ಮರುವರ್ಷ ಮತ್ತೆ ಬಸಿರಾದೆ. ಗಂಡ ಕುರಿಗಳ ಜೊತೆ ಬೆಟ್ಟದಲ್ಲಿದ್ದ. ಅತ್ತೆ ಉಲ್ಕಾನ್‌ಗೆ ಕೈನಡುಕ, ತುಂಬಿದ ಬಕೆಟ್ ಎತ್ತಲಾರರು. ನೀರಿಗೆ ನಾನೇ ಹೋಗಬೇಕು. ಅತ್ತೆ ತಮ್ಮ ಉಣ್ಣೆಯ ಕಾಲುಚೀಲವನ್ನು ನನ್ನ ಬೂಟಿನ ಮೇಲೆ ಎಳೆದು ಹಾಕಿ, "ಬಾತುಕೋಳಿ ಥರ ನಡಿಯೇ! ಕುದುರೆ ಥರ ನೆಗೀಬೇಡ" ಎನ್ನುತ್ತಿದ್ದರು.

ಪಕ್ಕದ ಮನೆಯ ರಷ್ಯನ್ ಟೀಚರ್ ಗ್ಲಾಫಿರಾ ಹಿಮದಲ್ಲಿ ಕಾಲು ಜಾರದಿರಲೆಂದು ತನ್ನ ದಾರಿಗೆಲ್ಲ ಒಲೆಬೂದಿ ಚೆಲ್ಲುತ್ತಿದ್ದಳು. ಅವಳೊಮ್ಮೆ ಹೇಳಿದಳು: "ಉಲ್ಕಾನ್, ನೀವೂ ಒಂದಿಷ್ಟು ಚೆಲ್ರೀ. ಸೊಸೆ ಬಿದ್ದಾಳು!"

ಅತ್ತೆ ಕಿಡಿಕಾರಿದರು. "ಬೂದಿ ತುಳಿಯೋದಾ? ಅದೂ ಬಸುರಿ? ದೆವ್ವ ಮೆಟ್ಕೊಳ್ಳತ್ತೆ! ನಿಮ್ಮನೇಲಿ ನಡೆಯತ್ತೆ, ನಮ್ಮನೇಲಿ ನಡೆಯಲ್ಲ."

ನಮ್ಮವರು ಬೂದಿ ಸುರಿಯುವುದು ಯಾರ ಕಾಲೂ ತಾಗದ ಮೂಲೆಗೆ. ಆ ಭಯ ನನಗೂ ಇತ್ತು.

ಒಂದು ಸಂಜೆ ಬರುವಾಗ ಕಾಲು ಜಾರಿತು. ಬೇಲಿ ಹಿಡಿದು ಹೇಗೋ ಉಳಿದುಕೊಂಡೆ, ಬಕೆಟ್ ಮಾತ್ರ ಉರುಳಿಕೊಂಡು ಹೋಯಿತು. ಅತ್ತೆ ಕಿಟಕಿಯಿಂದ ನೋಡಿದ್ದರು. ಬೈಯದೆ ಒಂದು ದಿನವೂ ಇರದವರು ಅವತ್ತು ಹೊರಗೆ ಬಂದು ಖಾಲಿ ಬಕೆಟ್ ಎತ್ತಿಕೊಂಡು ಒಳಗೆ ಹೋದರು.

ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಿನಿಂದ ನಲ್ಲಿಯವರೆಗೂ ಬೂದಿಯ ದಾರಿ. ಪಕ್ಕದಲ್ಲಿ ಅತ್ತೆ, ಮೊಣಕೈವರೆಗೆ ಬೂದಿ ಮೆತ್ತಿಕೊಂಡು ನಿಂತಿದ್ದರು. ನನಗೆ ಕಾಲೇ ಏಳಲಿಲ್ಲ.

"ನಿಲ್ಲೇ ಅಲ್ಲೇ," ಎಂದರು. "ಮೊದ್ಲು ನಾನು ತುಳೀತೀನಿ. ಮೆಟ್ಕೊಳ್ಳೋದಿದ್ರೆ ನನ್ನನ್ನೇ ಮೆಟ್ಕೊಳ್ಳಲಿ. ಈ ಮುದಿ ಎಲುಬಲ್ಲಿ ಅದಕ್ಕೇನು ಸಿಗತ್ತೆ?"

ಬಿಸ್ಮಿಲ್ಲಾ ಎಂದು ಕಾಲಿಟ್ಟರು. ಅವರ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ನಾನು ಹಿಂದೆ ನಡೆದೆ. ಆ ಚಳಿಗಾಲವಿಡೀ ಪ್ರತಿದಿನ ಹಾಗೆಯೇ ನಡೆದೆವು.

ವಸಂತದಲ್ಲಿ ಮಗಳು ಹುಟ್ಟಿದಳು. ಅದೇ ವರ್ಷ ಅತ್ತೆಯ ಮಂಡಿ ಹಿಡಿದುಕೊಂಡಿತು. ಡಾಕ್ಟರು ವಾತ ಎಂದರು, ಅತ್ತೆ ನಂಬಲಿಲ್ಲ. ಬೂದಿಯ ದೆವ್ವವೇ ಹಿಡಿದದ್ದೆಂದು ಸಾಯುವವರೆಗೂ ಹೇಳಿದರು. ಮೊಮ್ಮಗಳನ್ನು ಆ ನೋಯುವ ಕಾಲ ಮೇಲೇ ಕೂರಿಸಿಕೊಂಡು ಹೇಳುತ್ತಿದ್ದರು:

"ಹೋಗಿದ್ದು ಒಂದು ಮಂಡಿ ತಾನೇ, ಹೋಗ್ಲಿ ಬಿಡು."