ಹಸಿರು ಡಬ್ಬಿ

ಕ್ಯಾಮೆರಾ ರಿಪೇರಿಯವನ ಕಣ್ಣಿಗೆ ಜಗತ್ತಿನಲ್ಲಿ ಎರಡೇ ಬಗೆಯ ವಸ್ತುಗಳಿದ್ದವು: ಬಿಚ್ಚಲು ಯೋಗ್ಯವಾದವು, ಬಿಚ್ಚಲೂ ಯೋಗ್ಯವಲ್ಲದವು. ಅವನ ಭಾಮೈದ ಕೂಡಿಹಾಕುತ್ತಿದ್ದ ಹಳೆಯ ಜಪಾನಿ ಬಾಕ್ಸ್ ಕ್ಯಾಮೆರಾಗಳು ಎರಡನೆಯ ಬಗೆಗೆ ಸೇರಿದ್ದವು. ಭಾಮೈದನೂ ಹೆಚ್ಚುಕಡಿಮೆ ಅದೇ ಬಗೆ. ಇದನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಹೆಂಡತಿ ಪಕ್ಕದ ಕೋಣೆಯಲ್ಲೇ ಇರುತ್ತಿದ್ದಳಲ್ಲ.

ಮನೆಯ ಮುಂಗೋಣೆಯೇ ಅವನ ಅಂಗಡಿ. ಮೂವತ್ತು ವರ್ಷದಿಂದ ಅದೇ ಮೇಜು, ಅದೇ ಬಗ್ಗುವ ಕತ್ತಿನ ದೀಪ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದ ಸೂಜಿಯಂಥ ಸ್ಕ್ರೂಡ್ರೈವರುಗಳು. ಸ್ಟುಡಿಯೋದವರು, ಪತ್ರಿಕೆಯವರು, ಒಬ್ಬ ಹಲ್ಲಿನ ಡಾಕ್ಟರು ತಮ್ಮ ದುಬಾರಿ ಕ್ಯಾಮೆರಾಗಳನ್ನು ಹಸುಗೂಸನ್ನು ಒಪ್ಪಿಸುವ ಹಾಗೆ ಅವನ ಕೈಗೆ ಕೊಟ್ಟು ಹೋಗುತ್ತಿದ್ದರು. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ತೆರೆದು ಮುಚ್ಚುವ ಶಟರಿಗೆ ಕಿವಿಗೊಟ್ಟು, "ಸ್ವಲ್ಪ ಸೋಮಾರಿ ಆಗಿದೆ" ಎನ್ನಬಲ್ಲ ಆಸಾಮಿ. ಅಂಥವನ ಮೇಜಿನ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಭಾಮೈದ ಒಂದು ತಗಡಿನ ಡಬ್ಬಿ ತಂದಿಡುತ್ತಿದ್ದ.

ಭಾಮೈದನದು ನೀರಿನ ಮೀಟರ್ ಓದುವ ಕೆಲಸ. ಮನೆಮನೆಯ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಅಂಕಿ ಬರೆದುಕೊಳ್ಳುವ ಬದುಕು. ಏಳುವಾಗ ಮೊಣಕಾಲು ಹಿಡಿದುಕೊಂಡು, "ಬೇಡವಾದ ಹಳೇ ಕ್ಯಾಮೆರಾ ಏನಾದ್ರೂ ಇದೆಯಾ?" ಎಂದು ಕೇಳಿ ಕೇಳಿ ಮೂವತ್ತೊಂಬತ್ತು ಸೇರಿಸಿದ್ದ. ಎಲ್ಲವೂ ಜಪಾನಿನವು, ಎಲ್ಲವೂ ಅಗ್ಗದವು. ಅಂಗೈಯಗಲದ ತಗಡಿನ ಪೆಟ್ಟಿಗೆ, ಮುಂದೆ ಅಂಗಿಯ ಗುಂಡಿಯಷ್ಟು ಗಾಜು, ಒಂದೇ ವೇಗದ ಶಟರು, ಹಿಂದೆ ಫಿಲ್ಮಿನ ನಂಬರು ಕಾಣಲು ಒಂದು ಕೆಂಪು ಕಿಟಕಿ. ಕೆಲವುಗಳ ಮುಖದ ಮೇಲೆ ಹಂಸದ ಗುರುತು, ಇನ್ನು ಕೆಲವುಗಳ ಮೇಲೆ ಅರ್ಧಚಂದ್ರ. ಒಂದಕ್ಕೆ ಫ್ಲ್ಯಾಷ್ ಸಿಕ್ಕಿಸಲು ಎರಡು ತೂತು, ಅದರ ತಮ್ಮನಿಗೆ ತೂತಿಲ್ಲ. ಮತ್ತೊಂದಕ್ಕಂತೂ ದೊಡ್ಡಮನುಷ್ಯರ ಕ್ಯಾಮೆರಾದ ಹಾಗೆ ಕಾಣಲೆಂದು ಮೇಲೊಂದು ಸುಳ್ಳು ಕಣ್ಣು. ಈ ವ್ಯತ್ಯಾಸಗಳನ್ನೆಲ್ಲ ಭಾಮೈದ ರಟ್ಟಿನ ಚೀಟಿಗಳ ಮೇಲೆ ದುಂಡಗೆ ಬರೆದಿಡುತ್ತಿದ್ದ.

"ಭಾವ, ಇದರ ಕೊಂಡಿ ನೋಡಿ. ಎಡಗಡೆ ಇದೆ. ಬೇರೆ ಎಲ್ಲಾದ್ರಲ್ಲೂ ಬಲಗಡೆ."

"ಕೂರಿಸಿದವನು ಎಡಚ ಇರ್ಬೇಕು."

"ಇಲ್ಲ ಭಾವ, ಇದು ಬೇರೆ ಮಾದರಿ."

"ಒಂದೇ ತಗಡನ್ನ ನಾಲ್ಕು ಹೆಸರಲ್ಲಿ ಮಾರಿದಾರೆ ಕಣೋ. ಸೋಪಿನ ಡಬ್ಬಿಗೆ ಕಣ್ಣು ಕೊರೆದ್ರೆ ಅದು ಕ್ಯಾಮೆರಾ ಆಗಲ್ಲ."

ಭಾಮೈದ ನಗುತ್ತಿದ್ದ. ಭಾವ ಬೈದರೆ ಬೇಜಾರು ಮಾಡಿಕೊಳ್ಳುವಷ್ಟು ದೊಡ್ಡವನು ತಾನೆಂದು ಅವನಿಗೆ ಅನ್ನಿಸಿದ್ದೇ ಇಲ್ಲ. ರಿಪೇರಿಯವನಿಗೆ ಆ ನಗು ಕಂಡರೆ ಇನ್ನಷ್ಟು ಉರಿ. ಮರ್ಯಾದೆ ಇದ್ದವನಾದರೆ ತಿರುಗಿ ಒಂದು ಮಾತಾಡಬೇಡವೆ?

ಒಂದು ಭಾನುವಾರ ಭಾಮೈದ ಬಂದದ್ದು ಓಡಿಕೊಂಡು. ಚೀಲದಿಂದ ಎರಡೂ ಕೈಯಲ್ಲಿ ಎತ್ತಿ ಇಟ್ಟ ಡಬ್ಬಿ ಹಸಿರು ಬಣ್ಣದ್ದು. ಅವನು ಕಪ್ಪು ಹೊದಿಕೆಯವನ್ನು ಕಂಡಿದ್ದ, ಒಂದೆರಡು ಕಂದು ಬಣ್ಣದವನ್ನೂ ಕಂಡಿದ್ದ, ಹಸಿರನ್ನು ಕಂಡಿರಲಿಲ್ಲ. ಸಂತೆಬೀದಿಯ ಹಳೇ ಸಾಮಾನಿನ ವ್ಯಾಪಾರಿ ಅದಕ್ಕೆ ಬದಲಾಗಿ ಮೂರು ಕ್ಯಾಮೆರಾ ಕೇಳಿದ್ದನಂತೆ. ಯಾವ ಮೂರು? ಮೊದಲಿನ ರಟ್ಟಿನ ಪೆಟ್ಟಿಗೆ, ಮಡಿಕೆ ಬಿದ್ದ ಸೂಚನೆಯ ಹಾಳೆ, ಎಲ್ಲ ಸಮೇತ ಉಳಿದಿದ್ದ ಆ ಮೂರು.

"ಇವತ್ತೊಂದಿನ ಕೊಟ್ಟಿದಾನೆ. ನೀವು ಒಂದ್ಸಲ ಬಿಚ್ಚಿ ನೋಡಿ ಭಾವ. ನೀವು ಹೂಂ ಅಂದ್ರೆ ಮಾತ್ರ ತಗೋತೀನಿ."

ರಿಪೇರಿಯವನ ಬಲಗೈಯಲ್ಲಿ ಆಗ ಹಲ್ಲಿನ ಡಾಕ್ಟರ ಕ್ಯಾಮೆರಾದ ಒಂದು ಸ್ಪ್ರಿಂಗಿತ್ತು. ಅವನು ಎಡಗೈಯಲ್ಲಿ ಹಸಿರು ಡಬ್ಬಿಯನ್ನೆತ್ತಿ, ಕಿವಿಯ ಹತ್ತಿರ ಎರಡು ಸಲ ಅಲುಗಾಡಿಸಿ ಕೆಳಗಿಟ್ಟ. ನಾಲ್ಕು ಸ್ಕ್ರೂ ತೆಗೆದಿದ್ದರೆ ಸಾಕಿತ್ತು. ಹತ್ತು ನಿಮಿಷದ ಕೆಲಸ. ಆದರೆ ಅವನ ಸ್ಕ್ರೂಡ್ರೈವರು ಅಂಥದ್ದಕ್ಕೆಲ್ಲ ಇಳಿಯುವಂಥದ್ದಲ್ಲ.

"ಅಸಲಿ," ಅಂದ.

"ಬಿಚ್ಚಲಿಲ್ಲವಲ್ಲ?"

"ಇದಕ್ಕೆ ಯಾವನೋ ನಕಲಿ ಮಾಡ್ತಾನೆ? ಕಸಕ್ಕೆ ನಕಲಿ ಕಸ ಇರುತ್ತಾ? ಹೋಗು, ತಗೋ."

ಭಾಮೈದನಿಗೆ ಅಷ್ಟು ಸಾಕಾಯಿತು. ಮರುದಿನವೇ ಮೂರನ್ನೂ ಕೊಟ್ಟು ಹಸಿರನ್ನು ತನ್ನದಾಗಿಸಿಕೊಂಡ.

ತಿಂಗಳು ಕಳೆದ ಮೇಲೆ ಬಡಾವಣೆಯ ವಾಚನಾಲಯದವರು ಅವನ ಸಂಗ್ರಹವನ್ನು ಒಂದು ದಿನ ಪ್ರದರ್ಶನಕ್ಕಿಡಲು ಒಪ್ಪಿದರು. ಇಸ್ತ್ರಿ ಮಾಡಿದ ಅಂಗಿ ತೊಡಿಸಿ ರಿಪೇರಿಯವನನ್ನು ಹೆಂಡತಿಯೇ ಎಳೆದುಕೊಂಡು ಹೋದಳು. ಪತ್ರಿಕೆ ಓದುವ ಉದ್ದ ಮೇಜುಗಳ ಮೇಲೆ ಬಿಳಿ ಹಾಳೆ ಹಾಸಿ ಡಬ್ಬಿಗಳನ್ನು ಸಾಲಾಗಿ ನಿಲ್ಲಿಸಲಾಗಿತ್ತು. ಮಧ್ಯದಲ್ಲಿ, ಎರಡು ದಪ್ಪ ನಿಘಂಟುಗಳ ಮೇಲೆ, ಹಸಿರು. ಚೀಟಿಯಲ್ಲಿ ಹೀಗೆ ಬರೆದಿತ್ತು: 'ಅಪರೂಪದ ಹಸಿರು ಮಾದರಿ. ಪರೀಕ್ಷಿಸಿದವರು ನಮ್ಮ ಭಾವ.' ರಿಪೇರಿಯವನು ಅದನ್ನು ಓದಿ ಮುಖ ಹಿಂಡಿದ. ತನ್ನ ಹೆಸರಿಗೆ ಇಂಥ ಜಾಗವೆ?

ಮೂವತ್ತು ನಲವತ್ತು ಜನ ಬಂದಿದ್ದರು. ಅವರಲ್ಲಿ ವಾಚನಾಲಯದ ಪುಸ್ತಕಗಳಿಗೆ ಬೈಂಡು ಹಾಕುವ ಹೆಂಗಸೂ ಒಬ್ಬಳು. ಅವಳು ಕನ್ನಡಕ ಮೂಗಿನ ತುದಿಗಿಳಿಸಿ ಹಸಿರು ಡಬ್ಬಿಯ ಮುಂದೆ ನಿಂತವಳು ಅಲ್ಲಿಂದ ಕದಲಲೇ ಇಲ್ಲ.

"ಇದು ಎಷ್ಟು ಹಳೇದು ಅಂದ್ರಿ?"

"ಅರವತ್ತು ವರ್ಷಕ್ಕೂ ಮೇಲೆ," ಎಂದ ಭಾಮೈದ, ಎದೆಯುಬ್ಬಿಸಿ.

"ಆದ್ರೆ ಈ ರೆಕ್ಸಿನ್ನು ನಮ್ಮ ಅಂಗಡೀದು. ಹೋದ ವರ್ಷ ಬಂದ ಥಾನು. ಟೆಲಿಫೋನ್ ಡೈರಿಗೆ ಹಾಕ್ತೀವಿ."

ಯಾರೋ ಕಿಸಕ್ಕೆಂದರು. ಭಾಮೈದ ಗಾಬರಿಯಾಗಲಿಲ್ಲ. "ಹಾಗೆ ಕಾಣುತ್ತೆ ಅಷ್ಟೇ ಅಮ್ಮ. ನಮ್ಮ ಭಾವ ನೋಡಿದಾರೆ. ಅವರ ಕಣ್ಣು ತಪ್ಪಿಸಿ ಏನೂ ಹೋಗಲ್ಲ," ಎಂದು ನೆರೆದವರ ಮಧ್ಯದಿಂದ ರಿಪೇರಿಯವನನ್ನು ಕೈಹಿಡಿದು ಮುಂದೆ ತಂದ.

ರಿಪೇರಿಯವನಿಗೆ ಅಲ್ಲೇ ನಿಜ ಹೇಳುವ ದಾರಿಯಿತ್ತು. ಅವನು ಅದನ್ನು ಬಿಟ್ಟು ತನಗೆ ಅಭ್ಯಾಸವಾದ ದಾರಿ ಹಿಡಿದ. "ಪುಸ್ತಕ ಹೊಲಿಯೋರಿಗೆ ಕ್ಯಾಮೆರಾ ಬಗ್ಗೆ ಏನಮ್ಮ ಗೊತ್ತಾಗುತ್ತೆ?"

"ಕ್ಯಾಮೆರಾ ಗೊತ್ತಿಲ್ಲ ಸ್ವಾಮಿ, ರೆಕ್ಸಿನ್ ಗೊತ್ತು," ಎಂದಳು ಆಕೆ, ದನಿ ಏರಿಸದೆ. "ಅಂಚು ಎತ್ತಲಾ?"

ಭಾಮೈದ ತಲೆಯಾಡಿಸಿದ. ಅವಳು ಉಗುರಿನ ತುದಿಯಿಂದ ಮೂಲೆಯನ್ನು ಸ್ವಲ್ಪವೇ ಸ್ವಲ್ಪ ಎತ್ತಿದಳು. ಕೆಳಗೆ ಹಳೆಯ ಕಪ್ಪು ಹೊದಿಕೆ ಇಣುಕಿತು. ಅಂಟಿನ ಹಸಿ ವಾಸನೆ ಇನ್ನೂ ಹೋಗಿರಲಿಲ್ಲ. ಈ ಸಲ ನಕ್ಕವರು ಮುಚ್ಚುಮರೆಯಿಲ್ಲದೆ ನಕ್ಕರು. ಒಬ್ಬನಂತೂ, "ಇದರಲ್ಲಿ ಫೋನ್ ನಂಬರ್ ಬರ್ಕೋಬಹುದಾ?" ಎಂದು ಕೇಳಿಯೇಬಿಟ್ಟ.

ಭಾಮೈದ ಮಾತ್ರ ಭಾವನ ಮುಖವನ್ನೇ ನೋಡುತ್ತಿದ್ದ.

"ನೀವು ಅಲುಗಾಡಿಸಿದ್ರಿ," ಎಂದ ಮೆಲ್ಲಗೆ. "ಅಷ್ಟೇ ಮಾಡಿದ್ದು. ಅಲ್ವಾ?"

"ಹೂಂ," ಅಂದ ರಿಪೇರಿಯವನು.

ಭಾಮೈದ ಚೀಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ. ಹಸಿರು ಡಬ್ಬಿಯನ್ನು ಮೇಜಿನ ಕೆಳಗಿಟ್ಟು, ನಿಘಂಟುಗಳನ್ನು ಕಪಾಟಿಗೆ ಸೇರಿಸಿ, ಉಳಿದ ಮೂವತ್ತಾರರ ಬಗ್ಗೆ ಕೇಳಿದವರಿಗೆಲ್ಲ ಸಂಜೆಯವರೆಗೆ ಉತ್ತರ ಕೊಟ್ಟ. ಒಮ್ಮೆಯೂ ನಗಲಿಲ್ಲ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

"ಡಾಕ್ಟರ ಕ್ಯಾಮೆರಾ ಆಗಿದ್ರೆ ಬಿಚ್ಚದೆ ಹೇಳ್ತಿದ್ರಾ?" ಎಂದು ಹೆಂಡತಿ ಕೇಳಿದಳು. ತಟ್ಟೆ ಇಡುತ್ತಾ ಕೇಳಿದ್ದು, ಜಗಳದ ದನಿಯಲ್ಲೇನೂ ಅಲ್ಲ. "ಅವನು ನಿಮ್ಮನ್ನ ದೇವರು ಅನ್ಕೊಂಡಿದ್ದ. ನೀವು ಅವನನ್ನ ಮನುಷ್ಯ ಅಂತಾದ್ರೂ ಅನ್ಕೋಬೇಕಿತ್ತು."

ರಿಪೇರಿಯವನು ತಟ್ಟೆ ಸರಿಸಿ ಎದ್ದ. ಕೈ ತೊಳೆದು ನೇರ ಸಂತೆಬೀದಿಗೆ ಹೋದ.

ಹಳೇ ಸಾಮಾನಿನ ವ್ಯಾಪಾರಿ ಅವನನ್ನು ಕಂಡು ಎದ್ದು ನಿಂತ, ಹಲ್ಲು ಕಿರಿದ. "ಆ ದಿನ ಪೂರ್ತಿ ನನ್ನ ಎದೆ ಹೊಡ್ಕೋತಿತ್ತು ಸಾರ್. ನಿಮ್ಮ ಕೈಗೆ ಹೋಗುತ್ತೆ ಅಂತ ಗೊತ್ತಿತ್ತಲ್ಲ, ಸಿಕ್ಕಿಬಿದ್ದೆ ಅನ್ಕೊಂಡೆ. ಆಮೇಲೆ ನೀವೇ ಅಸಲಿ ಅಂದ್ರಂತೆ!"

"ಆ ಮೂರು ಕ್ಯಾಮೆರಾ ವಾಪಸ್ ಕೊಡು."

"ಒಂದು ಹೋಯ್ತು, ಎರಡಿದೆ. ಆದ್ರೂ ಯಾಕೆ ಸಾರ್ ತಲೆ ಕೆಡಿಸ್ಕೋತೀರ? ಎಲ್ಲಾ ಒಂದೇ ಕಸ ಅಂತ ಊರೆಲ್ಲ ಹೇಳ್ಕೊಂಡು ಬಂದವರು ನೀವು. ಯಾರ ಮನೆ ಕಸ ಯಾರ ಮನೇಲಿದ್ರೇನು?"

ಇಂಥ ತಿರಸ್ಕಾರ ತನ್ನ ಬಾಯಲ್ಲಿದ್ದಾಗ ರಿಪೇರಿಯವನಿಗೆ ಅದು ಜಾಣತನವಾಗಿ ಕಂಡಿತ್ತು. ಈ ಎಣ್ಣೆಮುಖದವನ ಬಾಯಲ್ಲಿ ಹೇಸಿಗೆಯಾಯಿತು. ಅವನು ಮನೆಗೆ ಹೋಗಿ, ಬೀರುವಿನಲ್ಲಿ ಮೆತ್ತನೆ ಬಟ್ಟೆ ಸುತ್ತಿ ಇಟ್ಟಿದ್ದ ತನ್ನ ಸ್ವಂತದ ಒಳ್ಳೆಯ ಲೆನ್ಸನ್ನು ತಂದು, ಆ ಎರಡು ಡಬ್ಬಿಗಳಿಗೆ ಬದಲು ಕೊಟ್ಟ. ವ್ಯಾಪಾರಿ ಮೇಲಿಂದ ಒಂದು ದಾರವನ್ನೂ ಕೊಟ್ಟ, ಕಟ್ಟಿಕೊಂಡು ಹೋಗಲು.

ಭಾಮೈದನ ಮನೆ ಮೂರನೆಯ ಮಹಡಿ. ಬಾಗಿಲು ತೆರೆದವನು, "ಬನ್ನಿ," ಅಂದ, 'ಭಾವ' ಅನ್ನಲಿಲ್ಲ. ಎರಡು ಪೆಟ್ಟಿಗೆಗಳನ್ನೂ ಬಿಚ್ಚಿ, ಸೂಚನೆಯ ಹಾಳೆಗಳಿವೆಯೆ ಎಂದು ನೋಡಿ ಕಪಾಟಿನಲ್ಲಿಟ್ಟ. ಮೂರನೆಯದರ ಬಗ್ಗೆ ಕೇಳಲಿಲ್ಲ.

"ಎಲ್ಲಾನೂ ತಾ," ಎಂದ ರಿಪೇರಿಯವನು, ಜೇಬಿನಿಂದ ಸ್ಕ್ರೂಡ್ರೈವರುಗಳನ್ನು ಸುತ್ತಿದ ಬಟ್ಟೆ ತೆಗೆದು ಹಾಸುತ್ತಾ. "ಬಿಚ್ಚಿ ನೋಡ್ತೀನಿ."

"ಎಲ್ಲಾನೂ?"

"ಎಲ್ಲಾನೂ."

ಕಿಟಕಿಯ ಪಕ್ಕದ ಮೇಜಿನಲ್ಲಿ ಇಬ್ಬರೂ ಕೂತರು. ಮೊದಲ ಡಬ್ಬಿಯ ಒಳಗು ಅವನು ಊಹಿಸಿದ್ದಕ್ಕಿಂತ ಕೆಟ್ಟದಾಗಿತ್ತು: ಬಾಗಿದ ತಗಡು, ಕತ್ತರಿಯಲ್ಲಿ ಕತ್ತರಿಸಿದ ಹಾಗಿದ್ದ ಶಟರಿನ ಎಲೆ. ಅವನು ಅಭ್ಯಾಸದಂತೆ ಮೂಗು ಮುರಿದ. ಆದರೆ ಹತ್ತನೆಯ ಡಬ್ಬಿ ಮುಗಿಸುವ ಹೊತ್ತಿಗೆ, ಹಂಸದ ಗುರುತಿನವುಗಳ ಒಳಗೆ ಸ್ಪ್ರಿಂಗನ್ನು ಸಿಕ್ಕಿಸಿದ ರೀತಿಯೇ ಬೇರೆ, ಅರ್ಧಚಂದ್ರದವುಗಳ ರೀತಿಯೇ ಬೇರೆ ಎಂಬುದು ಅವನ ಬೆರಳಿಗೇ ಗೊತ್ತಾಗತೊಡಗಿತು. ಎಡಗಡೆ ಕೊಂಡಿಯ ಡಬ್ಬಿಯಲ್ಲಂತೂ ಫಿಲ್ಮಿನ ಉರುಳೆ ಕೂರುವ ಮನೆಯೇ ತಿರುಗಾಮುರುಗಾ. ಎಡಚನ ಕೈವಾಡ ಅದಲ್ಲ.

"ಇದು ಬೇರೆ ಮಾದರಿ," ಎಂದ. "ನೀನು ಹೇಳಿದ್ದು ಸರಿ. ಕಳಪೆ ಮಾಲೇ. ಆದ್ರೆ ಬೇರೆ."

ಭಾಮೈದ ಚೀಟಿಯಲ್ಲಿ ಬರೆದುಕೊಂಡ. ಮೊದಲಾಗಿದ್ದರೆ ಆ ಒಂದು ಮಾತಿಗೆ ಕುಣಿದಾಡಿಬಿಡುತ್ತಿದ್ದ. ಈಗ ಪೆನ್ನು ಕೆಳಗಿಟ್ಟು ಭೂತಗನ್ನಡಿ ಎತ್ತಿಕೊಂಡ. ಭಾವ ಬಿಚ್ಚಿಟ್ಟ ಡಬ್ಬಿಯನ್ನು ಬೆಳಕಿಗೆ ಹಿಡಿದು, ಉರುಳೆಯ ಮನೆಯನ್ನು, ಸ್ಪ್ರಿಂಗನ್ನು, ಸ್ಕ್ರೂಗಳನ್ನು ಒಂದೊಂದಾಗಿ ತಾನೇ ಪರೀಕ್ಷಿಸಿದ. ರಿಪೇರಿಯವನು ಕೈಕಟ್ಟಿ ಕಾದ. ಮೂವತ್ತು ವರ್ಷದಲ್ಲಿ ಅವನ ಕೆಲಸವನ್ನು ಹೀಗೆ ಇನ್ನೊಬ್ಬರು ತಿರುಗಿ ನೋಡಿದ್ದಿಲ್ಲ.

"ಸರಿಯಿದೆ," ಎಂದು ಭಾಮೈದ ಕೊನೆಗೆ ತಲೆಯೆತ್ತಿ, ಮುಂದಿನ ಡಬ್ಬಿಯನ್ನು ಅವನ ಕಡೆ ಸರಿಸಿದ.